ತಿರುಗಿದರಷ್ಟೇ ಸಾಕೆ?

1959ರಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತಮ್ಮ ಭಾಷಣವೊಂದರ ಕೊನೆಗೆ ಬಹುಮಾನವೊಂದನ್ನು ಘೋಷಿಸಿದರು. ಉದ್ದ, ಅಗಲ, ಎತ್ತರ ಮೂರೂ ಅಂಗುಲದ 64ನೇ ಒಂದು ಭಾಗದೊಳಗಿರುವ, ನಿಜವಾಗಿ ತಿರುಗುವ ಮೋಟಾರು ಮಾಡಿದವರಿಗೆ 1000 ಡಾಲರ್. ಅದಕ್ಕೆ ಹೊಸ ವಿದ್ಯೆಯೇ ಹುಟ್ಟಬೇಕಾದೀತು ಎಂಬುದು ಅವರ ಲೆಕ್ಕ. ಮರುವರ್ಷವೇ ವಿಲಿಯಂ ಮೆಕ್‌ಲೆಲನ್ ಎಂಬ ಎಂಜಿನಿಯರ್ ಸೂಕ್ಷ್ಮದರ್ಶಕದಡಿ ಚಿಮುಟ ಹಿಡಿದು, ಹಳೆಯ ವಿದ್ಯೆಯಲ್ಲೇ ಅದನ್ನು ಮಾಡಿಬಿಟ್ಟರು. ಫೈನ್‌ಮನ್ ಹಣ ಕೊಟ್ಟರು, ಆದರೆ ನಿರಾಶರಾದರು.

ಆ ನಿರಾಶೆಯ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಕೇಳಿದ್ದನ್ನು ಕೇಳಿದ ಹಾಗೆಯೇ ತಂದುಕೊಟ್ಟವನ ಮುಂದೆ ಮುಖ ಸಪ್ಪಗೆ ಮಾಡುವುದು ನ್ಯಾಯವೆ? ನಾವು ಬೆಲೆ ಕಟ್ಟಬೇಕಾದದ್ದು ವಸ್ತುವಿಗೋ, ಅದು ತೋರಿದ ದಾರಿಗೋ?

ದಾರಿ ತೋರಿದ ಮೋಟಾರು ಬಂದದ್ದು 1988ರಲ್ಲಿ, ಬರ್ಕ್ಲಿಯ ವಿಶ್ವವಿದ್ಯಾಲಯದಿಂದ. ಲಾಂಗ್-ಶೆಂಗ್ ಫ್ಯಾನ್, ಯು-ಚಾಂಗ್ ತಾಯ್ ಮತ್ತು ರಿಚರ್ಡ್ ಮುಲ್ಲರ್ ಮಾಡಿದ ಅದರ ಚಕ್ರ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪದಷ್ಟು ಅಗಲ. ಅದನ್ನು ಯಾರೂ ಜೋಡಿಸಲಿಲ್ಲ. ಸಿಲಿಕಾನ್ ಬಿಲ್ಲೆಯ ಮೇಲೆ ಗಾಜಿನಂಥ ಒಂದು ಪದರ, ಅದರ ಮೇಲೆ ಸಿಲಿಕಾನಿನದೊಂದು, ಮತ್ತೆ ಗಾಜು, ಮತ್ತೆ ಸಿಲಿಕಾನ್. ನಡುನಡುವೆ ಬೆಳಕಿನಿಂದ ಅಚ್ಚು ಮೂಡಿಸಿ ಕೊರೆಯುವುದು. ಕೊನೆಗೆ ಆಮ್ಲದಲ್ಲಿ ಗಾಜೆಲ್ಲ ಕರಗಿ, ಚಕ್ರ ಅಚ್ಚಿನ ಸುತ್ತ ಬಿಡುಗಡೆಯಾಗುತ್ತದೆ. ನಮ್ಮ ಎರಕದವರು ಮೇಣ ಕರಗಿಸಿ ವಿಗ್ರಹಕ್ಕೆ ಜಾಗ ಮಾಡುವುದನ್ನು ಕಂಡವರಿಗೆ ಇದು ತೀರ ಅಪರಿಚಿತವೆನಿಸದು.

ಅದನ್ನು ತಿರುಗಿಸುವುದು ಅಯಸ್ಕಾಂತವಲ್ಲ. ತಲೆ ಬಾಚಿದ ಹಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲ, ಆ ಸ್ಥಿರವಿದ್ಯುತ್ತು. ನಮ್ಮ ಅಳತೆಯಲ್ಲಿ ಅದು ಮಕ್ಕಳಾಟ. ಆದರೆ ಗಾತ್ರ ಕುಗ್ಗಿದಂತೆ ತೂಕ ಬೇಗ ಕುಗ್ಗುತ್ತದೆ, ಮೇಲ್ಮೈ ಅಷ್ಟು ಬೇಗ ಕುಗ್ಗುವುದಿಲ್ಲ. ಹಾಗಾಗಿ ಕೂದಲಿನ ಲೋಕದಲ್ಲಿ ಈ ಸೆಳೆತವೇ ದೊಡ್ಡ ಶಕ್ತಿ. ದುರದೃಷ್ಟಕ್ಕೆ, ಅದೇ ನಿಯಮದಿಂದ ಅಲ್ಲಿ ಉಜ್ಜಾಟವೂ ಅಂಟಾಟವೂ ಹೆಚ್ಚು. ತೊಳೆದ ನೀರು ಆರುವಾಗ ಭಾಗಗಳು ಬಿಲ್ಲೆಗೇ ಅಂಟಿಕೊಳ್ಳಬಹುದು. ತಿರುಗಿದ ಚಕ್ರ ಬೇಗ ಸವೆಯುತ್ತದೆ.

‘ಹಾಗಾದರೆ ಉಪಯೋಗವೇನು?’ ವಿಜ್ಞಾನದ ವಿದ್ಯಾರ್ಥಿಗಳೇ ಹೀಗೆ ಕೇಳುವುದನ್ನು ಕೇಳಿದ್ದೇನೆ. ಇದೇ ಪದರ ಕರಗಿಸುವ ವಿದ್ಯೆಯಿಂದ ಕಾರಿನ ಏರ್‌ಬ್ಯಾಗ್ ಬಿಚ್ಚಿಸುವ ಸಂವೇದಕ ಬಂತು, ಜೀವ ಉಳಿಯಿತು ಎಂದು ಬಾಯಿ ಮುಚ್ಚಿಸಬಹುದು. ನನಗೆ ಆ ಉತ್ತರ ಹಿಡಿಸುವುದಿಲ್ಲ. ಆ ಸಂವೇದಕದಲ್ಲಿ ಏನೂ ತಿರುಗುವುದಿಲ್ಲ, ತೂಗುಬಿದ್ದ ತುಣುಕೊಂದು ಅಲುಗುತ್ತದೆ, ಅಷ್ಟೆ. ತಿರುಗುವ ಕನಸನ್ನು ಕೈಬಿಟ್ಟ ಕಡೆ ಸಿಕ್ಕ ಲಾಭವನ್ನು ತಿರುಗಿಸಿದವರ ಖಾತೆಗೆ ಜಮಾ ಮಾಡುವುದು ಸುಳ್ಳು ಲೆಕ್ಕ. ಲಾಭ ಸಿಗದೆ ಹೋಗಿದ್ದರೆ ಆ ದುಡಿಮೆ ವ್ಯರ್ಥವೆಂದು ಒಪ್ಪಿಕೊಂಡಂತೆಯೂ ಆಗುತ್ತದೆ.

ದಾರಿಯ ಬೆಲೆಯನ್ನು ಅದು ಮುಟ್ಟಿಸಿದ ಊರಿನಿಂದಲೇ ಅಳೆಯುವುದಾದರೆ ಬರ್ಕ್ಲಿಯವರೂ ಮೆಕ್‌ಲೆಲನ್ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ. ಅವರನ್ನು ಅಲ್ಲಿ ನಿಲ್ಲಿಸಲು ನನಗೇನೂ ಸಂಕೋಚವಿಲ್ಲ. ತೀರ ಚಿಕ್ಕದೊಂದು ಹೇಳಿದ ಮಾತು ಕೇಳಿ ಒಂದು ಸುತ್ತು ಬಂದಿತು. ಇಬ್ಬರ ಮೋಟಾರಿನ ಬಗ್ಗೆಯೂ ಈ ಮಾತು ನಿಜ.