ತಿಳಿಯದೆ ಕೊಟ್ಟದ್ದು ಕೊಟ್ಟದ್ದೇ?

 

ಇಂದಿನ ಚಿಂತನೆಗೆ ಜಾತಕದ ಮೂರನೆಯ ಕಥೆ, ಸೇರಿವಾಣಿಜ ಜಾತಕ. ನಮ್ಮಲ್ಲಿ ಹಲವರು ಕೇಳಿದ್ದೇ. ಸೇರಿ ಎಂಬ ನಾಡಿನ ಇಬ್ಬರು ತಿರುಗು ವ್ಯಾಪಾರಿಗಳು ತೇಲವಾಹ ನದಿ ದಾಟಿ ಅಂಧಪುರಕ್ಕೆ ಬರುತ್ತಾರೆ. ಬೀದಿಗಳನ್ನು ಹಂಚಿಕೊಳ್ಳುತ್ತಾರೆ. ಒಬ್ಬ ಮುಗಿಸಿದ ಬೀದಿಗೆ ಆಮೇಲೆ ಇನ್ನೊಬ್ಬ ಹೋಗಬಹುದು ಎಂದು ಒಪ್ಪಂದ. ಆ ಊರಿನಲ್ಲಿ ಹಿಂದೊಮ್ಮೆ ಸಿರಿವಂತರಾಗಿದ್ದು ಈಗ ಎಲ್ಲವನ್ನೂ ಕಳೆದುಕೊಂಡ ಒಂದು ಮನೆ. ಅಜ್ಜಿ ಮತ್ತು ಮೊಮ್ಮಗಳು ಮಾತ್ರ ಉಳಿದಿದ್ದಾರೆ, ಕೂಲಿ ಮಾಡಿ ಬದುಕುತ್ತಾರೆ. ಹುಡುಗಿಗೆ ಒಂದು ಆಭರಣದ ಆಸೆ. ಮಸಿ ಹಿಡಿದ ಹಳೆಯ ಬಟ್ಟಲೊಂದನ್ನು ಕೊಟ್ಟು ಅದಕ್ಕೆ ಬದಲಾಗಿ ಏನಾದರೂ ಕೊಡಿ ಎಂದು ಅಜ್ಜಿ ಮೊದಲ ವ್ಯಾಪಾರಿಯನ್ನು ಕೇಳುತ್ತಾಳೆ. ಅವನು ಸೂಜಿಯಿಂದ ಬಟ್ಟಲಿನ ಹಿಂಬದಿ ಗೀರಿ ನೋಡುತ್ತಾನೆ. ಬಂಗಾರ! ಪುಕ್ಕಟೆ ಹೊಡೆಯುವ ಲೆಕ್ಕ ಹಾಕಿ, ಇದು ಅರ್ಧ ಮಾಸಕಕ್ಕೂ ಬಾಳುವುದಿಲ್ಲ ಎಂದು ನೆಲಕ್ಕೆಸೆದು ಹೋಗುತ್ತಾನೆ. ಎರಡನೆಯವನು ಬೋಧಿಸತ್ವ. ಬಟ್ಟಲನ್ನು ನೋಡಿ, ಅಮ್ಮಾ, ಇದು ಲಕ್ಷ ಬಾಳುವ ಬಂಗಾರ, ಅಷ್ಟು ಬೆಲೆಯ ಸರಕು ನನ್ನ ಹತ್ತಿರ ಇಲ್ಲ ಎನ್ನುತ್ತಾನೆ. ಇದ್ದಷ್ಟು ಕೊಡು ಎನ್ನುತ್ತಾಳೆ ಅಜ್ಜಿ. ಅವನು ಕೈಯಲ್ಲಿದ್ದ 500 ಕಹಾಪಣ ಮತ್ತು 500ರ ಸರಕು ಎಲ್ಲ ಕೊಟ್ಟು, ತಕ್ಕಡಿ, ಚೀಲ, ಎಂಟು ನಾಣ್ಯ ಮಾತ್ರ ಉಳಿಸಿಕೊಳ್ಳುತ್ತೇನೆಂದು ಕೇಳಿ ಪಡೆಯುತ್ತಾನೆ. ಆ ಎಂಟು ನಾಣ್ಯ ದೋಣಿಯವನಿಗೆ.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ಮೋಸಗಾರ ವ್ಯಾಪಾರಿಯ ಎದೆ ಒಡೆದ ಕಡೆಗೆ ಹೋಗುತ್ತಾರೆ. ನನಗೆ ಮಾತ್ರ ಲೆಕ್ಕ ಸರಿ ಕಾಣುತ್ತಿರಲಿಲ್ಲ. ಲಕ್ಷದ ವಸ್ತುವಿಗೆ ಬೋಧಿಸತ್ವ ಕೊಟ್ಟದ್ದು ಒಂದು ಸಾವಿರ, ಅಂದರೆ ನೂರರಲ್ಲಿ ಒಂದು ಪಾಲು. ಇದು ನ್ಯಾಯಬೆಲೆಯೇ? ಇವತ್ತು ಯಾರಾದರೂ ಹೀಗೆ ಕೊಂಡರೆ ನಾವು ಅವರನ್ನು ಪ್ರಾಮಾಣಿಕರು ಅನ್ನುತ್ತೇವೆಯೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಕಳೆದ ವರ್ಷ ಒಂದು ಹಳೆಯ ಕ್ಯಾಮೆರಾ ಕೊಳ್ಳುವಾಗ ಎದುರಾಯಿತು.

ಕಾರ್ಕಳದ ಕಡೆಯ ಒಂದು ಊರು. ದೊಡ್ಡ ಮನೆ, ಒಂದು ಕಾಲಕ್ಕೆ ಸುತ್ತಲಿನ ಗದ್ದೆಗಳೆಲ್ಲ ಅವರವೇ. ಈಗ ಮನೆಯಲ್ಲಿ ಎಪ್ಪತ್ತೈದು ದಾಟಿದ ಅಮ್ಮ ಒಬ್ಬರೇ, ಮಗ ಮುಂಬಯಿಯಲ್ಲಿ. ಹಳೆ ಸಾಮಾನು ಗುಜರಿಗೆ ಹಾಕುತ್ತಿದ್ದಾರೆ, ಅದರಲ್ಲೊಂದು ಕ್ಯಾಮೆರಾ ಇದೆ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಿಳಿಸಿದ. ಹೋಗಿ ನೋಡಿದೆ. ಯಾಶಿಕಾ ಮ್ಯಾಟ್-124ಜಿ. ಎದುರಿಗೆ ಒಂದರ ಮೇಲೊಂದು ಎರಡು ಲೆನ್ಸು. ಮೇಲಿನದು ನಮಗೆ ನೋಡಲು, ಕೆಳಗಿನದು ಫಿಲ್ಮಿಗೆ. ಎದೆಯ ಮಟ್ಟದಲ್ಲಿ ಹಿಡಿದು, ತಲೆಬಾಗಿಸಿ ಮೇಲಿನಿಂದ ನೋಡಬೇಕು. 120 ಸೈಜಿನ ರೋಲು ಹಾಕಿದರೆ ಹನ್ನೆರಡು ಚೌಕ ಚಿತ್ರ, ಅಷ್ಟೇ. 1970ರಲ್ಲಿ ಜಪಾನಿನಲ್ಲಿ ತಯಾರಾಗತೊಡಗಿದ ಮಾದರಿ ಇದು. ನಮ್ಮ ನೆನಪಿನ ಆಗ್ಫಾ ಕ್ಲಿಕ್-3 ಬಡವರ ಡಬ್ಬಿಯಾದರೆ, ಯಾಶಿಕಾ ಮದುವೆಗೆ ಬರುವ ಸ್ಟುಡಿಯೋದವರ ಕುತ್ತಿಗೆಯಲ್ಲಿ ತೂಗುತ್ತಿದ್ದ ಕ್ಯಾಮೆರಾ. ಈ ಮನೆಯ ಯಜಮಾನರಿಗೆ ಫೋಟೋ ಹವ್ಯಾಸವಂತೆ.

ಹಳೆಯ ಕ್ಯಾಮೆರಾ ಕೊಳ್ಳುವ ಮನಸ್ಸಿರುವವರಿಗೆ ಉಪಯೋಗವಾದೀತು ಎಂದು ನೋಡುವ ಕ್ರಮ ಹೇಳುತ್ತೇನೆ. ಮೊದಲು ಲೆನ್ಸು. ಹಿಂಬದಿಯ ಬಾಗಿಲು ತೆಗೆದು, ಶಟರನ್ನು ತೆರೆದಿಟ್ಟು, ಟಾರ್ಚಿನ ಬೆಳಕು ಹಾಯಿಸಬೇಕು. ನಮ್ಮದು ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರು. ನಾಲ್ಕು ತಿಂಗಳ ಮಳೆಯಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬೂಷ್ಟು ಬೆಳೆಯುತ್ತದೆ. ಅಂಚಿನಲ್ಲಿ ಸ್ವಲ್ಪ ಇದ್ದರೆ ತೊಳೆಯಬಹುದು. ಗಾಜಿನ ಮೇಲಿನ ಲೇಪವನ್ನೇ ತಿಂದಿದ್ದರೆ ಆ ಕಲೆ ಹೋಗುವುದಿಲ್ಲ. ಆಮೇಲೆ ಶಟರು. 500ರಲ್ಲಿ ಒಂದು ಸೆಕೆಂಡಿಗೆ ಇಟ್ಟಾಗ ಚಟ್ಟನೆ ಬಡಿಯಬೇಕು, ಒಂದು ಸೆಕೆಂಡಿಗೆ ಇಟ್ಟಾಗ ಒಂದೇ ಸೆಕೆಂಡಿಗೆ ಮುಚ್ಚಬೇಕು. ಹಳೆಯ ಎಣ್ಣೆ ಅಂಟಾಗಿದ್ದರೆ ಮೂರು ಸೆಕೆಂಡು ಎಳೆಯುತ್ತದೆ. ಇದು ಎಳೆಯುತ್ತಿತ್ತು. ಬೆಳಕು ಅಳೆಯುವ ಮೀಟರ್ ಸತ್ತಿತ್ತು. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿ ಈಗ ಮಾರುಕಟ್ಟೆಯಲ್ಲೇ ಇಲ್ಲವಾದ್ದರಿಂದ ನಾನು ಅದನ್ನು ದೊಡ್ಡ ದೋಷವೆಂದು ಎಣಿಸಲಿಲ್ಲ. ಇನ್ನು ಫಿಲ್ಮು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೋಲು ಸಿಗುತ್ತಿದ್ದ ಕಾಲ ಮುಗಿಯಿತು, ಈಗ ಎಲ್ಲ ಹೊರದೇಶದ್ದು. ಅಂದರೆ ಕ್ಯಾಮೆರಾದ ಬೆಲೆ ಕೊಟ್ಟ ದಿನಕ್ಕೆ ಖರ್ಚು ಮುಗಿಯುವುದಿಲ್ಲ.

‘ಗುಜರಿಯವ ಐನೂರು ಕೊಡ್ತೇನೆ ಅಂದಿದ್ದಾನೆ. ನೀವೂ ಅಷ್ಟೇ ಕೊಡಿ ಮಾಷ್ಟ್ರೇ’ ಅಂದರು ಅಮ್ಮ.

ಇಂಥದೇ ಕ್ಯಾಮೆರಾವನ್ನು ತೊಳೆದು, ರಿಪೇರಿ ಮಾಡಿ, ಖಾತರಿ ಕೊಟ್ಟು ಮಾರುವವರು ಆಗ 20ರಿಂದ 25 ಸಾವಿರ ಕೇಳುತ್ತಿದ್ದರು. ನನಗೆ ಅದು ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಒಂದು ಮಾತು ಕೇಳಿ ನಾಳೆ ಬರುತ್ತೇನೆಂದು ಎದ್ದು ಬಂದೆ.

ಆ ರಾತ್ರಿ ನಮ್ಮ ಬಳಗದ ಗೆಳೆಯರೊಬ್ಬರಿಗೆ ಫೋನು ಮಾಡಿದೆ. ಅವರು ಹೇಳಿದ ಮಾತನ್ನು ಇಲ್ಲಿ ಮುಚ್ಚಿಡುವುದಿಲ್ಲ, ಏಕೆಂದರೆ ಅದು ನಮ್ಮಲ್ಲಿ ಅನೇಕರ ಮನಸ್ಸಿನ ಮಾತು. ‘ನಿಮ್ಮ ಅಜ್ಜಿ ಆ ಮನೆಯ ಗದ್ದೆಯಲ್ಲೇ ಅಲ್ವಾ ಸರ್ ಬೆನ್ನು ಮುರಿದದ್ದು? ಆಗ ಸೇರು ಅಳೆದವರು ಯಾರು? ಕೊಡದೆ ಉಳಿಸಿಕೊಂಡ ಕೂಲಿಗೆ ಬಡ್ಡಿ ಹಾಕಿ ನೋಡಿ, ಆ ಕ್ಯಾಮೆರಾ ಐನೂರಕ್ಕೂ ದುಬಾರಿ.’

ಇದನ್ನು ಹಗುರವಾಗಿ ತೆಗೆದುಹಾಕಲು ನನ್ನಿಂದಾಗಲಿಲ್ಲ. ಅಜ್ಜಿ ಅಂಗಳದಾಚೆ ನಿಂತೇ ಸೆರಗಿಗೆ ಭತ್ತ ಹಾಕಿಸಿಕೊಂಡವಳು. 1974ರ ಭೂಸುಧಾರಣೆಯಲ್ಲಿ ಗೇಣಿಯವರು ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದರು. ಅಜ್ಜಿ ಗೇಣಿಯವಳಲ್ಲ, ಕೂಲಿಯವಳು, ಅವಳ ಹೆಸರಿನಲ್ಲಿ ಬರೆಯಲು ಒಂದು ಕಾಗದವೂ ಇರಲಿಲ್ಲ. ಆ ಕ್ಯಾಮೆರಾ ಆ ಮನೆಯಲ್ಲಿದ್ದ ವರ್ಷಗಳಲ್ಲೇ ಅವಳು ಅಲ್ಲಿ ನಾಟಿ ನೆಟ್ಟಳು, ಕೊಯ್ದಳು. ಅವಳ ಒಂದೂ ಫೋಟೋ ನಮ್ಮಲ್ಲಿಲ್ಲ. ಫೋಟೋ ಇರುವ ಮತದಾರರ ಚೀಟಿ ಬರುವ ಮೊದಲೇ ತೀರಿಕೊಂಡಳು. ನಾನು ಕ್ಯಾಮೆರಾ ಹುಡುಕುತ್ತಿದ್ದುದೇ ನಮ್ಮ ಕಾಲನಿಯ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಚಿತ್ರ ತೆಗೆದಿಡಲು. (ಮೊಬೈಲಿನಲ್ಲಿ ತೆಗೆದರಾಗದೇ ಎಂದು ನನ್ನ ಮಗಳು ಈಗಲೂ ಕೇಳುತ್ತಾಳೆ. ಆಗುತ್ತದೆ. ಆದರೆ ಹನ್ನೆರಡೇ ಚಿತ್ರ ಇರುವಾಗ ಎದುರಿಗೆ ಕೂತವರ ಮುಖವನ್ನು ನಾವು ನೋಡುವ ರೀತಿಯೇ ಬೇರೆ.)

ಸಾಲ ನಿಜ. ಆದರೆ ಸಾಲ ವಸೂಲಿ ಹೇಗೆ? ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಮಾಡಿದ್ದನ್ನು ನೆನೆಯಿರಿ. ಸಾರ್ವಜನಿಕ ಕೆರೆಗಳನ್ನು ಎಲ್ಲರೂ ಬಳಸಬಹುದೆಂದು ಮುಂಬಯಿ ವಿಧಾನ ಪರಿಷತ್ತು 1923ರಲ್ಲೇ ಠರಾವು ಮಾಡಿತ್ತು. ಚವದಾರ್ ಕೆರೆಯ ನೀರು ಬರಿಯ ಬಾಯಾರಿಕೆಯ ಮಾತಾಗಿದ್ದರೆ ಕತ್ತಲಲ್ಲಿ ಒಂದು ಕೊಡ ತರಬಹುದಿತ್ತು. ಅವರು ಹಗಲಿನಲ್ಲಿ, ಸಾವಿರಾರು ಜನರ ಜೊತೆ ಮೆರವಣಿಗೆಯಲ್ಲಿ ಹೋಗಿ ಬೊಗಸೆ ತುಂಬಿಕೊಂಡರು. ಕೊಂಕಣದ ಖೋತಿ ಜಮೀನ್ದಾರಿಯ ಅನ್ಯಾಯಕ್ಕೆ 1937ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ರದ್ದತಿಯ ಮಸೂದೆ ಮಂಡಿಸಿದರು. ಎರಡರಲ್ಲೂ ಎದುರಿನವರಿಗೆ ಗೊತ್ತಿತ್ತು, ತಮ್ಮಿಂದ ಏನನ್ನು ಕೇಳಲಾಗುತ್ತಿದೆ, ಯಾಕೆ ಕೇಳಲಾಗುತ್ತಿದೆ ಎಂದು. ನಾನು ಐನೂರು ಕೊಟ್ಟು ಕ್ಯಾಮೆರಾ ತಂದರೆ ಆ ಅಮ್ಮನಿಗೆ ತಾನು ಯಾವ ಸಾಲ ತೀರಿಸಿದೆನೆಂದು ಗೊತ್ತಾಗುತ್ತದೆಯೇ? ನನ್ನ ಅಜ್ಜಿಯ ಹೆಸರು ಆ ವ್ಯಾಪಾರದಲ್ಲಿ ಎಲ್ಲಿಯೂ ಬರುವುದಿಲ್ಲ. ಲಾಭ ನನ್ನ ಜೇಬಿಗೆ, ನ್ಯಾಯ ಅಜ್ಜಿಯ ಲೆಕ್ಕಕ್ಕೆ ಎಂದು ನಾನೇ ಬರೆದುಕೊಂಡಂತೆ. ಇನ್ನೊಂದು ಮಾತು, ಅಂಧಪುರದ ಆ ಮನೆಯೂ ಹಿಂದೆ ಸಿರಿವಂತರ ಮನೆಯೇ. ಬೋಧಿಸತ್ವ ಬಟ್ಟಲಿನ ಬೆಲೆ ಹೇಳುವ ಮೊದಲು, ಆ ಬಂಗಾರ ನಿಮಗೆ ಎಲ್ಲಿಂದ ಬಂತು ಎಂದು ಕೇಳಲಿಲ್ಲ.

ಎರಡನೆಯ ಶೀಲದ ಪದವನ್ನು ನಿಧಾನವಾಗಿ ಓದೋಣ. ನಾವು ಕನ್ನಡದಲ್ಲಿ ಕಳ್ಳತನ ಮಾಡುವುದಿಲ್ಲ ಎಂದುಬಿಡುತ್ತೇವೆ. ಪಾಲಿಯಲ್ಲಿ ಇರುವುದು ಅದಿನ್ನಾದಾನ, ಅಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ಕಳ್ಳತನಕ್ಕಿಂತ ಇದರ ಹರವು ದೊಡ್ಡದು. ಆ ಅಮ್ಮ ನನಗೆ ಕೊಡಲು ಒಪ್ಪಿದ್ದು ಗುಜರಿಗೆ ಹೋಗುವ ಒಂದು ಹಳೆ ಡಬ್ಬಿಯನ್ನು. ನಾನು ತೆಗೆದುಕೊಳ್ಳುತ್ತಿದ್ದುದು ಇಪ್ಪತ್ತು ಸಾವಿರ ಬಾಳಬಹುದಾದ ಕ್ಯಾಮೆರಾವನ್ನು. ಕೈ ಒಂದೇ, ವಸ್ತು ಒಂದೇ. ಆದರೂ ಅವರು ಕೊಟ್ಟದ್ದು, ನಾನು ಪಡೆದದ್ದು ಒಂದೇ ಆಗುತ್ತಿರಲಿಲ್ಲ. ತನ್ನಲ್ಲಿ ಏನಿದೆಯೆಂದು ತಿಳಿಯದವರು ಅದನ್ನು ಕೊಟ್ಟರೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಾನೂನು ಇಷ್ಟು ಬಿಗಿ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆ ಉದಾಹರಣೆ ಸಮೇತ ಹೇಳುತ್ತದೆ: ಸಾವಿರ ರೂಪಾಯಿಯ ಕುದುರೆಯನ್ನು ಒಬ್ಬ ಹತ್ತು ರೂಪಾಯಿಗೆ ಮಾರಲು ಸ್ವಇಚ್ಛೆಯಿಂದ ಒಪ್ಪಿದರೆ ಕರಾರು ಊರ್ಜಿತ. ವ್ಯಾಪಾರಿಗಳಿಬ್ಬರಲ್ಲಿ ಒಬ್ಬನಿಗೆ ಬೆಲೆ ಬದಲಾದ ಗುಟ್ಟು ತಿಳಿದಿದ್ದರೆ ಅದನ್ನು ಇನ್ನೊಬ್ಬನಿಗೆ ಹೇಳಬೇಕಾದ ಕಟ್ಟುಪಾಡೂ ಇಲ್ಲ. ಸುಳ್ಳು ಹೇಳಿದರೆ ಮೋಸ, ಸುಮ್ಮನಿದ್ದರೆ ಸಾಮಾನ್ಯವಾಗಿ ಮೋಸವಲ್ಲ. ಹಾಗಾದರೆ ನಾನು ಐನೂರು ಕೊಟ್ಟು ಬಂದಿದ್ದರೂ ಯಾವ ನ್ಯಾಯಾಲಯವೂ ನನ್ನನ್ನು ಕರೆಯುತ್ತಿರಲಿಲ್ಲ. ಕಾನೂನು ಕಾಯುವುದು ಕರಾರನ್ನು. ಶೀಲ ಕಾಯಬೇಕಾದದ್ದು ನನ್ನನ್ನು.

ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯಗಳ ಕುರಿತ ಪುಸ್ತಕದಲ್ಲಿ ಇದೇ ಪ್ರಸಂಗವಿದೆ. ಸ್ಕೇವೋಲಾ ಎಂಬವನು ಒಂದು ತೋಟ ಕೊಳ್ಳಲು ಹೋಗಿ ಬೆಲೆ ಕೇಳಿದ. ಮಾರುವವ ಹೇಳಿದ ಬೆಲೆ ಕೇಳಿ, ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಒಂದು ಲಕ್ಷ ಸೆಸ್ಟರ್ಸ್ ನಾಣ್ಯ ಸೇರಿಸಿ ಕೊಟ್ಟ. ಅವನು ಒಳ್ಳೆಯವನೆಂದು ಎಲ್ಲರೂ ಒಪ್ಪಿದರು, ಜಾಣನೆಂದು ಒಪ್ಪಲಿಲ್ಲವಂತೆ. ಎರಡು ಸಾವಿರ ವರ್ಷ ಕಳೆದರೂ ನಮ್ಮ ಸ್ಟಾಫ್ ರೂಮಿನ ತೀರ್ಪು ಅದೇ: ‘ಪಾಪ, ಒಳ್ಳೆ ಜನ. ಬುದ್ಧಿ ಮಾತ್ರ ಇಲ್ಲ.’

ಮರುದಿನ ಹೋಗಿ ಲೆಕ್ಕ ಬಿಡಿಸಿ ಹೇಳಿದೆ. ‘ಅಮ್ಮ, ಇದು ಸರಿಯಾದ ಮೇಲೆ ಇಪ್ಪತ್ತು ಸಾವಿರ ಬಾಳ್ತದೆ. ಬೆಂಗಳೂರಿನ ರಿಪೇರಿಯವರು ಆರು ಸಾವಿರ ಆದೀತು ಅಂದಿದ್ದಾರೆ. ಬೂಷ್ಟು ಗಾಜು ತಿಂದಿದ್ರೆ ನನಗೆ ನಷ್ಟ. ಅದೆಲ್ಲ ಕಳೆದು ಹನ್ನೊಂದು ಸಾವಿರ ನ್ಯಾಯ ಅಂತ ನನಗೆ ಕಾಣ್ತದೆ. ಈಗ ಎಂಟು ಇದೆ, ಮೂರು ಮುಂದಿನ ಸಂಬಳಕ್ಕೆ.’ ಅವರು ನನ್ನನ್ನೊಮ್ಮೆ, ಕ್ಯಾಮೆರಾವನ್ನೊಮ್ಮೆ ನೋಡಿ ಮಗನಿಗೆ ಫೋನು ಹಚ್ಚಿದರು. ಮಗ ಇಂಟರ್‌ನೆಟ್ ನೋಡಿ 25 ಸಾವಿರ ಅಂದ. ಗೆಳೆಯರು ಮುಂದೆ ಇದನ್ನು ಹೇಳಿ ನಕ್ಕರು. ಆದರೆ ನನಗೆ ಚರ್ಚೆ ಆಗಲೇ ಸಲೀಸಾದದ್ದು. ಟಾರ್ಚಿನ ಬೆಳಕಿನಲ್ಲಿ ಲೆನ್ಸಿನ ಫೋಟೋ ತೆಗೆದು ಕಳಿಸಿದೆ, ಶಟರಿನ ಸದ್ದು ಕೇಳಿಸಿದೆ. ಖಾತರಿ ಕೊಡುವ ಅಂಗಡಿಯ ಬೆಲೆ ಬೇರೆ, ಕಪಾಟಿನಿಂದ ಇಳಿಸಿದ ಬೆಲೆ ಬೇರೆ ಎಂದೆ. ಮುಚ್ಚಿಡಲು ಏನೂ ಇಲ್ಲದಿದ್ದಾಗ ಚೌಕಾಸಿಗೂ ಅಂಜಿಕೆ ಇಲ್ಲ. ನ್ಯಾಯಬೆಲೆ ಎಂದರೆ ಮಾರುವವರು ಕೇಳಿದಷ್ಟು ಕೊಡುವುದು ಎಂದು ಎಲ್ಲಿಯೂ ಇಲ್ಲ. ಹನ್ನೆರಡು ಸಾವಿರಕ್ಕೆ ಮುಗಿಯಿತು.

ಯಾರ ಪೈಕಿ ನೀವು ಎಂದು ಅಮ್ಮ ಕೇಳಿದರು. ಅಜ್ಜಿಯ ಹೆಸರು ಹೇಳಿದೆ, ಅವಳು ನಿಲ್ಲುತ್ತಿದ್ದ ಜಾಗ ತೋರಿಸಿದೆ, ಅಳತೆ ಸರಿ ಇರುತ್ತಿರಲಿಲ್ಲ ಎಂದು ಅವಳು ಸಾಯುವ ತನಕ ಹೇಳುತ್ತಿದ್ದಳೆಂದೂ ಹೇಳಿದೆ. ಅವರು ಉತ್ತರ ಕೊಡಲಿಲ್ಲ. ಐನೂರಕ್ಕೆ ಕ್ಯಾಮೆರಾ ಹಿಡಿದುಕೊಂಡಿದ್ದರೆ ಆ ಮಾತನ್ನು ಆ ಚಾವಡಿಯಲ್ಲಿ ಕೂತು ನಾನು ಆಡಲಾಗುತ್ತಿರಲಿಲ್ಲ.

ಈಗ ಬೋಧಿಸತ್ವನ ಸಾವಿರಕ್ಕೆ ಬರೋಣ. ಅಜ್ಜಿಗೆ ಅದು ಲಕ್ಷದ ಬಟ್ಟಲೆಂದು ಗೊತ್ತಿತ್ತು. ಅವನ ಹತ್ತಿರ ಇರುವುದು ಇಷ್ಟೇ ಎಂದೂ ಗೊತ್ತಿತ್ತು. ಬೇಡವೆಂದು ಬಟ್ಟಲನ್ನು ಒಳಗಿಟ್ಟುಕೊಳ್ಳುವ ದಾರಿ ಅವಳಿಗಿತ್ತು. ಎಂಟು ನಾಣ್ಯವನ್ನೂ ಅವನು ಬಚ್ಚಿಡದೆ ಕೇಳಿ ಇಟ್ಟುಕೊಂಡ. ಸಂಖ್ಯೆ ಈಗಲೂ ನನಗೆ ಕಡಿಮೆ ಅನಿಸುತ್ತದೆ, ಕಥೆಗಾರರು ಇನ್ನೂ ಒಂದಿಷ್ಟು ಕೊಡಿಸಬಹುದಿತ್ತು. ಆದರೆ ಆ ಅಜ್ಜಿ ಕೊಟ್ಟದ್ದು ಬಂಗಾರದ ಬಟ್ಟಲನ್ನೇ.

ಭಾನುವಾರದ ಅಧ್ಯಯನಕ್ಕೆ ಒಂದು ತೊಡಕು ಉಳಿಸುತ್ತೇನೆ. ಅದೇ ಕ್ಯಾಮೆರಾ ಗುಜರಿ ಅಂಗಡಿಗೆ ಹೋಗಿ ಆರುನೂರಕ್ಕೆ ನನ್ನ ಕಣ್ಣಿಗೆ ಬಿದ್ದಿದ್ದರೆ? ಹಳತರ ಬೆಲೆ ತಿಳಿಯುವುದೇ ಅವನ ಕಸುಬು, ಆದ್ದರಿಂದ ಹೇಳಬೇಕಾಗಿಲ್ಲ ಎಂದು ನನ್ನ ಅರ್ಧ ಮನಸ್ಸು. ಆದರೆ ಇಡೀ ದಿನ ಬಿಸಿಲಿನಲ್ಲಿ ಕಬ್ಬಿಣ, ರಟ್ಟು ಹೊತ್ತು ತರುವ ಆ ಮನುಷ್ಯನಿಗೆ ಕಿಲೋ ಲೆಕ್ಕ ಬಿಟ್ಟರೆ ಬೇರೆ ಬೆಲೆ ತಿಳಿಯಲು ಯಾರು ಬಿಟ್ಟಿದ್ದಾರೆ? ಮಣಿಪಾಲದ ಮಾಲ್‌ನಲ್ಲಿ ಚೀಟಿ ನೋಡಿ ಸುಮ್ಮನೆ ದುಡ್ಡು ಕೊಡುವ ನಾವೇ ಕೊರಗರ ಬುಟ್ಟಿಗೆ ಹತ್ತು ರೂಪಾಯಿ ಇಳಿಸಲು ನಿಲ್ಲುತ್ತೇವೆ. ಯೋಚಿಸಿ ಬನ್ನಿ.

ಜೈಭೀಮ್.