ಹತ್ತು ಕಾಯಿಗೆ ಎಷ್ಟು?

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ತೆಂಗಿನಕಾಯಿ ಮಾರುತ್ತಿದ್ದ 12 ವರ್ಷದ ಹುಡುಗನಿಗೆ ಗಿರಾಕಿಯೊಬ್ಬರ ಪ್ರಶ್ನೆ: ಒಂದಕ್ಕೆ 35 ಕ್ರುಜೇರೊ ಆದರೆ ಹತ್ತಕ್ಕೆ ಎಷ್ಟು? ಹುಡುಗ ಮೂರನೇ ತರಗತಿಯವನು. ಹತ್ತರಿಂದ ಗುಣಿಸುವಾಗ ಪಕ್ಕದಲ್ಲಿ ಸೊನ್ನೆ ಹಾಕಬೇಕೆಂದು ಶಾಲೆ ಕಲಿಸಿತ್ತು. ಅವನು ಆ ದಾರಿ ಹಿಡಿಯಲೇ ಇಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಮತ್ತೆ ಮೂರಕ್ಕೆ 315, ಉಳಿದೊಂದಕ್ಕೆ 35. ಒಟ್ಟು 350.

ಗಿರಾಕಿಯಾಗಿ ಬಂದವರು ಸಂಶೋಧಕರು. ಟೆರೆಜಿನ್ಯಾ ಕರಾಹರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಈ ಅಧ್ಯಯನದ ಐವರು ಮಕ್ಕಳು ಬೀದಿಯಲ್ಲಿ ಕೇಳಿದ ಲೆಕ್ಕಗಳಲ್ಲಿ ಶೇ. 98ರಷ್ಟಕ್ಕೆ ಸರಿ ಉತ್ತರ ಕೊಟ್ಟರು. ಅಂಥವೇ ಲೆಕ್ಕಗಳನ್ನು ಬರೀ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ಶೇ. 37ರಷ್ಟು. 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಗಳ ಸಂತೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳಲ್ಲೂ ಇದೇ ಕಂದಕ ಕಂಡರು. ಪುಸ್ತಕದ ಲೆಕ್ಕ ಬಲ್ಲ ಶಾಲಾ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ತಡವರಿಸಿದ್ದೂ ಅಲ್ಲೇ ಗೊತ್ತಾಯಿತು.

ಹಾಗಾದರೆ ಗಣಿತ ಬಲ್ಲವರೆಂದು ಯಾರನ್ನು ಕರೆಯಬೇಕು?

2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಗೆ ಇಟ್ಟ ಗುರಿ ಸ್ಪಷ್ಟ: 9999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯುವುದು, ಸರಳ ಗುಣಾಕಾರ ಮಾಡುವುದು. ಇಂಥ ಗುರಿಯನ್ನು ಹಗುರವಾಗಿ ಕಾಣುವಂತಿಲ್ಲ. ಅಳತೆಯೇ ಇಲ್ಲದಿದ್ದರೆ ಹಿಂದುಳಿದ ಮಗು ಯಾರ ಕಣ್ಣಿಗೂ ಬೀಳದೆ ಮುಂದಿನ ತರಗತಿಗೆ ಹೋಗುತ್ತದೆ. ಆದರೆ ಅಳೆಯಲು ಸುಲಭವಾದದ್ದೇ ಕ್ರಮೇಣ ಪಾಠವಾಗಿಬಿಡುತ್ತದೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ಕ್ಕಾಗಿ ರಚನೆಯಾದ, ಚೆನ್ನೈನ ಗಣಿತಜ್ಞ ಆರ್. ರಾಮಾನುಜಂ ನೇತೃತ್ವದ ತಂಡ ಈ ಅಪಾಯವನ್ನು ಕಂಡಿತ್ತು. ಎಣಿಕೆ, ಅಳತೆ, ಶೇಕಡಾವಾರು ಬರುವುದು ಕಿರಿದಾದ ಗುರಿ. ಮಗು ಗಣಿತದ ರೀತಿಯಲ್ಲಿ ಯೋಚಿಸುವಂತಾಗುವುದು ಹಿರಿದಾದ ಗುರಿ ಎಂದು ಅದು ಬೇರ್ಪಡಿಸಿತ್ತು.

ಮೊದಲು ಕೂಡಿ ಕಳೆಯುವುದು ಬರಲಿ, ಯೋಚನೆ ಆಮೇಲೆ ಎನ್ನುವವರಿದ್ದಾರೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ‘ಆಮೇಲೆ’ ಎಷ್ಟೋ ಮಕ್ಕಳ ಪಾಲಿಗೆ ಎಸ್ಸೆಸ್ಸೆಲ್ಸಿ ಮುಗಿದರೂ ಬರುವುದಿಲ್ಲ. 302ರಲ್ಲಿ 298 ಕಳೆಯುವ ಲೆಕ್ಕವನ್ನೇ ನೋಡಿ. ಎರಡರಲ್ಲಿ ಎಂಟು ಹೋಗದು. ಹತ್ತರ ಮನೆಯಲ್ಲಿ ಸೊನ್ನೆ. ನೂರರ ಮನೆಯಿಂದ ಸಾಲ ತಂದು, ಮೇಲಿನ ಅಂಕಿಗಳನ್ನು ಹೊಡೆದು ತಿದ್ದಿ, ಕಡೆಗೆ 4 ಬರುತ್ತದೆ. 298ಕ್ಕೆ ಎರಡು ಸೇರಿದರೆ 300, ಇನ್ನೆರಡು ಸೇರಿದರೆ 302 ಎಂದ ಮಗುವಿಗೂ ಬರುವುದು ಅದೇ 4. ಕಳೆಯುವುದೆಂದರೆ ಎರಡು ಸಂಖ್ಯೆಗಳ ನಡುವಿನ ಅಂತರ ಎಂಬುದು ಈ ಎರಡನೆಯ ಮಗುವಿಗೆ ಹೊಳೆದಿದೆ. ಯೋಚನೆ ಇಲ್ಲಿ ಕಳೆಯುವ ಲೆಕ್ಕದೊಳಗೇ ನಡೆದಿದೆ. ‘ಕ್ರಮ’ಕ್ಕೆ ಅಂಕವಿಟ್ಟ ಉತ್ತರಪತ್ರಿಕೆಯಲ್ಲಿ ಅಂಕ ಕಳೆದುಕೊಳ್ಳುವುದೂ ಬಹುಶಃ ಈ ಮಗುವೇ.

ಸಾಲ ತರುವ ಕ್ರಮ ಬೇಡವೆಂದಲ್ಲ. 7005ರಲ್ಲಿ 2468 ಕಳೆಯುವಾಗ ಅದರ ಬೆಲೆ ತಿಳಿಯುತ್ತದೆ. ಯಾವ ಲೆಕ್ಕಕ್ಕೆ ಯಾವ ದಾರಿ ಎಂದು ಆರಿಸಿ, ಕಾರಣ ಹೇಳುವುದೂ ಮೂರನೇ ತರಗತಿಯ ಗುರಿಗಳಲ್ಲಿ ಒಂದಾಗಬೇಕು. ಅದಕ್ಕೆ ಮಗುವಿನ ಮಾತನ್ನು ಕೂತು ಕೇಳುವ ಬಿಡುವು ಶಿಕ್ಷಕರಿಗೆ ಬೇಕು. ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುವ ನಲಿಕಲಿ ಶಾಲೆಗಳಲ್ಲಿ ಆ ಬಿಡುವನ್ನು ಎಲ್ಲಿಂದ ತರುವುದು ಎಂಬುದನ್ನು ಗುರಿ ಬರೆಯುವವರೇ ಹೇಳಬೇಕಾಗುತ್ತದೆ.