ಕಟ್ಟುವುದೂ ಕಾಯುವುದೂ

ಮಲೆನಾಡಿನವರಿಗೆ ಸಂಕ ಹೊಸತಲ್ಲ. ಹಳ್ಳಕ್ಕೆ ಅಡ್ಡಲಾಗಿ ನಾಲ್ಕು ಅಡಿಕೆ ಮರ ಹಾಕಿ, ಕೈಗೆ ಆಸರೆಯಾಗಿ ಒಂದು ಬಿದಿರು ಕಟ್ಟಿದರೆ ಆಯಿತು. ಮಳೆ ಹಿಡಿದರೆ ಅದು ಕೊಳೆಯುತ್ತದೆ, ಇಲ್ಲವೇ ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟಬೇಕು. ಅದಕ್ಕೇ ಸಂಕದ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಕಳಸದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ಮಳೆಗಾಲಗಳನ್ನು ಕಂಡ ನಮಗೆ, ಆಚೆ ದಡ ಒಮ್ಮೊಮ್ಮೆ ಎಷ್ಟು ದೂರವಾಗುತ್ತದೆ ಎಂಬುದು ಗೊತ್ತು.

ಒಂದು ರಜೆಯಲ್ಲಿ ಚಾರ್ಮಾಡಿ ಘಾಟಿ ಇಳಿದು ಸುಳ್ಯದ ಬಳಿಯ ಅರಂಬೂರಿನ ತೂಗುಸೇತುವೆ ನೋಡಲು ಹೋಗಿದ್ದೆವು. ಪಯಸ್ವಿನಿ ಹೊಳೆಗೆ ಅದನ್ನು 1989ರಲ್ಲಿ ಕಟ್ಟಿದವರು ಇಂಜಿನಿಯರ್ ಗಿರೀಶ್ ಭಾರದ್ವಾಜರು. ಅದು ಅವರ ಮೊದಲ ಸೇತುವೆ. ಮುಂದೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಎರಡು ದಡಗಳಲ್ಲಿ ಗೋಪುರ, ಅವುಗಳ ಮೇಲೆ ಹಾದು ನೆಲದಲ್ಲಿ ಬಿಗಿದ ಉಕ್ಕಿನ ಹಗ್ಗ, ಆ ಹಗ್ಗಕ್ಕೆ ತೂಗುಬಿದ್ದ ದಾರಿ. ಇಡೀ ಭಾರ ಹಗ್ಗದ್ದು.

ನಡುವೆ ಬಂದಾಗ ಸೇತುವೆ ಮೆಲ್ಲಗೆ ತೂಗಿತು. ಜೊತೆಗಿದ್ದ ನಮ್ಮ ಶಾಲೆಯ ಕಿರಿಯ ಶಿಕ್ಷಕಿ, "ಮೇಡಂ, ಕಟ್ಟಿದವರ ಹೆಸರು ಎಲ್ಲರಿಗೂ ಗೊತ್ತು. ಇದರ ಬೋಲ್ಟು ಬಿಗಿ ಮಾಡುವವರು ಯಾರು?" ಎಂದರು. ಉತ್ತರ ನನ್ನಲ್ಲಿರಲಿಲ್ಲ. ಪ್ರಶ್ನೆ ಮಾತ್ರ ನನ್ನೊಡನೆ ಘಾಟಿ ಹತ್ತಿತು.

ಗುಜರಾತಿನ ಮೋರ್ಬಿಯಲ್ಲಿ ನೂರು ವರ್ಷಕ್ಕೂ ಹಳೆಯ ತೂಗುಸೇತುವೆಯೊಂದಿತ್ತು. ದುರಸ್ತಿಯಾಗಿದೆ ಎಂದು 2022ರ ಅಕ್ಟೋಬರ್ 26ರಂದು ಮತ್ತೆ ತೆರೆದರು. ನಾಲ್ಕೇ ದಿನಕ್ಕೆ, 30ರ ಸಂಜೆ, ಹರಿದು ಬಿತ್ತು. 135 ಜೀವಗಳು ಹೋದವು. ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವೆಂದು ತನಿಖಾ ತಂಡ ಹೇಳಿತು. ತುಕ್ಕು ಒಂದೇ ದಿನ ಬರುವುದಲ್ಲ. ಅಷ್ಟು ದಿನವೂ ಜನ ನಂಬಿ ನಡೆದಿದ್ದರು. ಸಂಕ ತಾನು ಕೊಳೆಯುವುದನ್ನು ಕಣ್ಣಿಗೆ ತೋರಿಸುತ್ತದೆ. ಉಕ್ಕು ನಮ್ಮನ್ನು ಮರೆಯಲು ಬಿಡುತ್ತದೆ.

ಕಟ್ಟುವುದು ದೊಡ್ಡದೋ, ಕಾಯುವುದು ದೊಡ್ಡದೋ? ಕಟ್ಟಲು ಧೈರ್ಯ ಬೇಕು, ವಿದ್ಯೆ ಬೇಕು, ಅದು ಎಲ್ಲರಿಂದ ಆಗುವುದಲ್ಲ ಎನ್ನುವವರ ಮಾತು ಸುಳ್ಳಲ್ಲ. ಆದರೆ ಕಟ್ಟಿದ ಕೆಲಸ ಕಣ್ಣಿಗೆ ಕಾಣುತ್ತದೆ. ಕಾಯುವ ಕೆಲಸ ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅದರ ಫಲ. ಆಗದೇ ಹೋದ ಅನಾಹುತಕ್ಕೆ ಯಾರು ಹಾರ ಹಾಕುತ್ತಾರೆ?

ಇದು ನಮಗೆ, ಹೆಂಗಸರಿಗೆ, ಬೇಗ ಅರ್ಥವಾಗುತ್ತದೆ. ಆಷಾಢದ ಮಳೆಯಲ್ಲಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದಂತೆ, ಅಕ್ಕಿಗೆ ಹುಳ ಬೀಳದಂತೆ, ಮಾವನವರ ಮಾತ್ರೆ ತಪ್ಪದಂತೆ ನೋಡಿಕೊಂಡವಳನ್ನು "ಇಡೀ ದಿನ ಏನು ಮಾಡಿದೆ?" ಎಂದು ಕೇಳಿದರೆ, ತೋರಿಸಲು ಅವಳಲ್ಲಿ ಏನಿದೆ? ಮನೆ ಬೀಳಲಿಲ್ಲ, ಅಷ್ಟೆ.

ಹಾಗೆಂದು "ತಾಯಿ, ತ್ಯಾಗಮಯಿ" ಎಂಬ ಹೊಗಳಿಕೆ ನಮಗೆ ಬೇಡ. ಅದು ಕೆಲಸವನ್ನು ಅವಳ ತಲೆಗೇ ಕಟ್ಟುವ ಉಪಾಯವೂ ಹೌದು. ನಡೆಯುವವರೆಲ್ಲರಿಗೂ ಸೇತುವೆ ಬೇಕು. ಹಾಗಾದರೆ ಅದರ ತುಕ್ಕನ್ನು ನೋಡುವ ಕರ್ತವ್ಯವೂ ಎಲ್ಲರಿಗೂ ಸೇರಿದ್ದು. ಪಂಚಾಯಿತಿ ಸಭೆಯಲ್ಲಿ "ಹೊಸದು ಯಾವಾಗ?" ಎಂದು ಕೇಳುವ ಮೊದಲು "ಹಳೆಯದನ್ನು ಯಾರು, ಎಂದು ನೋಡಿದರು?" ಎಂದು ಕೇಳೋಣ. ಮನೆಯೊಳಗೂ ಅದೇ ಪ್ರಶ್ನೆ ಕೇಳಬಹುದು. ಉತ್ತರದಲ್ಲಿ ಪ್ರತಿಸಲವೂ ಒಬ್ಬಳದೇ ಹೆಸರು ಬಂದರೆ, ಆ ಮನೆಯ ಹಗ್ಗದಲ್ಲಿ ಒಂದೇ ತಂತಿ ಉಳಿದಿದೆ ಎಂದು ತಿಳಿಯಬೇಕು.